ನಮೂನೆ ಎಂಬತ್ತೇಳು

ಮೊನ್ನೆ ಟಪಾಲಿನಲ್ಲಿ ಬಂತು. ಕೆಂಪು ರಟ್ಟು, ಚಿನ್ನದಕ್ಷರ:
ಆದೋನಿಯ ಹತ್ತಿ ಗಿರಣಿಗಳಲ್ಲಿ ಪ್ರತಿಭಾ ನಿರ್ವಹಣೆ.
ಕೃತಜ್ಞತೆಯ ಪುಟದಲ್ಲಿ
ದೇವರು, ಮಾರ್ಗದರ್ಶಕರು, ಗಂಡ, ಅತ್ತೆ,
ಆಮೇಲೆ ನಾನು, ಹಾಜರಿ ಗುಮಾಸ್ತ ಉರುಕುಂದಪ್ಪ.
ಹೆಸರಿನಲ್ಲಿ ಒಂದು 'ಎ' ಹೆಚ್ಚಾಗಿದೆ. ಇರಲಿ.

ಆಕೆ ಮೂರು ಸಲ ಬಂದಿದ್ದಳು,
ಅನಂತಪುರದ ಬಸ್ಸಿಳಿದು, ಏಪ್ರಿಲ್ಲಿನ ಬಿಸಿಲಲ್ಲಿ.
ಎರಡೆರಡು ಲೋಟ ನೀರು ಕುಡಿದು ಕೂರುತ್ತಿದ್ದಳು.
'ನಾಳೆ ಬರ್ರಿ ಮೇಡಂ' ಅಂದವನು ನಾನೇ, ಮೂರು ಸಲವೂ.
ಕೊನೆಗೆ ನೂರೈವತ್ತು ನಮೂನೆಯ ಕಟ್ಟು
ನನ್ನ ಮೇಜಿನ ಮೇಲಿಟ್ಟು ಹೋದಳು.

ಇಂಗ್ಲಿಷಿನ ಪ್ರಶ್ನೆ, ಅದರಡಿ ತೆಲುಗು,
ತೆಲುಗಿನಡಿ ಅರ್ಧ ಇಂಚು ಖಾಲಿ.
ನಾವು ಕನ್ನಡದವರು ಆ ಅರ್ಧ ಇಂಚಿನಲ್ಲೇ
ಇಷ್ಟು ವರ್ಷ ಸಂಸಾರ ಮಾಡಿಕೊಂಡು ಬಂದಿದ್ದೇವೆ.

ಒಂದೇ ರಾತ್ರಿ. ಮೂರು ಪೆನ್ನು. ಕೆಲವಕ್ಕೆ ಎಡಗೈ.
'ಈ ಸಂಸ್ಥೆ ನನ್ನ ಪ್ರತಿಭೆಯನ್ನು ಗುರುತಿಸುತ್ತದೆ.'
ಬೋರಾ ಹೊಲಿಯುವವನು ಒಪ್ಪಿದ.
ಕಸ ಆರಿಸುವ ಅಕ್ಕತಂಗಿಯರು ಬಲವಾಗಿ ಒಪ್ಪಿದರು.
ಹನ್ನೊಂದಕ್ಕೆ ಕರೆಂಟು ಹೋಯಿತು,
ಮೇಣದಬತ್ತಿಯಲ್ಲಿ ಇನ್ನೂ ಬಲವಾಗಿ ಒಪ್ಪಿದರು.
ಎರಡು ಗಂಟೆಯ ಮೇಲೆ ನಿದ್ದೆ. ಕೈ ತಾನಾಗಿ
ನಡುವಿನ ಚೌಕಕ್ಕೆ ಹೋಗಿ ಕೂತಿತು:
ಹೌದೂ ಅಲ್ಲ, ಇಲ್ಲವೂ ಅಲ್ಲ.
ಆ ಮೂವತ್ತು ಮಂದಿ ಈಗ ಐದನೇ ಅಧ್ಯಾಯದಲ್ಲಿದ್ದಾರೆ,
'ಮಧ್ಯಮ ಸೇವಾವಧಿಯವರಲ್ಲಿ ಕಂಡ ಗಮನಾರ್ಹ ಹಿಂಜರಿಕೆ.'
ನನ್ನ ತೂಕಡಿಕೆಗೆ ಎರಡು ನಕ್ಷತ್ರ ಕೊಟ್ಟಿದ್ದಾರೆ.
ನಕ್ಷತ್ರವಿದ್ದರೆ ನಂಬಬಹುದಂತೆ, ಅಡಿಟಿಪ್ಪಣಿ ಹೇಳುತ್ತದೆ.

ಒಂದನ್ನು ಮಾತ್ರ ಕೇಳಿ ಬರೆದೆ.
ಹಾಜರಿ ಪುಸ್ತಕದ ಎಂಬತ್ತೇಳು, ಹಂಪಮ್ಮ.
ಅವಳ ಸಾಲಿಗೆ ಬಂದಾಗ ಯಾಕೋ ಪೆನ್ನು ನಿಂತಿತ್ತು.
ಲಾರಿಯ ರಾಶಿಯಿಂದ ಒಂದು ಚಿಟಿಕೆ ಹಿರಿದು,
ಬೀಜದಿಂದ ಎಳೆ ಬಿಡಿಸಿ, ಹೆಬ್ಬೆರಳಿಗೆ ಒತ್ತಿ ಎಳೆದು
'ಇಪ್ಪತ್ತೊಂಬತ್ತಕ್ಕ ಒಂದ್ಕೂದಲು ಕಮ್ಮಿ' ಅನ್ನುವವಳು.
ಲ್ಯಾಬಿನ ಚೀಟಿ ನಾಲ್ಕು ದಿನ ತಡವಾಗಿ ಬಂದು
ಅದನ್ನೇ ದಶಮಾಂಶದಲ್ಲಿ ಹೇಳುತ್ತದೆ.
ಹುದ್ದೆಯ ಕಾಲಮಿನಲ್ಲಿ ಅವಳು 'ಇತರೆ'.

'ಪ್ರತಿಭೆ ಅಂದ್ರೇನಪಾ?'
ಈ ರಟ್ಟಿನೊಳಗೆ ಹದಿನಾಲ್ಕು ವ್ಯಾಖ್ಯೆಗಳಿವೆ,
ನನಗಾಗ ಒಂದೂ ಗೊತ್ತಿರಲಿಲ್ಲ.
'ನಿನ್ನ ಬೆರಳಿಗೆ ಗೊತ್ತಿರೋದು' ಅಂದೆ.
'ಹಂಗಾದ್ರ ಬೆರಳಿಗೇ ಕೇಳು.'
ಮೊದಲನೆಯದಕ್ಕೆ ಇಲ್ಲ ಅಂದಳು. ಮುಂದಿನ ಹದಿನೈದಕ್ಕೂ.
ಹದಿನೇಳನೆಯದು: ಬೇರೆಡೆ ಉತ್ತಮ ಅವಕಾಶ ಸಿಕ್ಕರೆ ಹೋಗುವಿರಾ?
ನಕ್ಕಳು. ನಗುವಿಗೆ ಚೌಕ ಇರಲಿಲ್ಲ.
ಆ ಅರ್ಧ ಇಂಚಿನಲ್ಲಿ ಬರೆದೆ, ಕನ್ನಡದಲ್ಲಿ:
ನಕ್ಕಳು.

ನಾಲ್ಕನೇ ಅಧ್ಯಾಯ, ಇರುವೆಯಂಥ ಅಕ್ಷರ:
'ಒಂದು ನಮೂನೆ ಉಳಿದವುಗಳೊಂದಿಗೆ ಹೊಂದದ ಕಾರಣ
ಕೈಬಿಡಲಾಗಿದೆ. ಅಂತಿಮ ಸಂಖ್ಯೆ ನೂರಾ ನಲವತ್ತೊಂಬತ್ತು.'

ಆಕೆಯನ್ನು ಏನಂತ ಬೈಯಲಿ?
ಜೂನಿಗೆ ಶಿಷ್ಯವೇತನ ನಿಲ್ಲುವುದಿತ್ತು.
ಗಿರಣಿಯಲ್ಲಿ ಇಷ್ಟು ಜನ ಇಷ್ಟು ಚೆನ್ನಾಗಿ ಒಪ್ಪುತ್ತಾರೆಂದರೆ
ಯಾರಿಗಾದರೂ ಸಂಶಯ ಬರಬೇಕಿತ್ತು.
ಬಂದಿದ್ದರೆ ನಾಲ್ಕನೇ ಸಲ ಬಸ್ಸು ಹತ್ತಬೇಕಿತ್ತು,
ನಾನು ಮತ್ತೆ ನಾಳೆ ಬರ್ರಿ ಅನ್ನುತ್ತಿದ್ದೆ.
ಪರೀಕ್ಷಕರು ಇಬ್ಬರು. ಒಬ್ಬರೂ
ಹಸಿರು ಪೆನ್ನಿನ ಐವತ್ತು ಕೂಲಿಗಳನ್ನು ಕೇಳಲಿಲ್ಲ.

ನಿನ್ನೆ ಸಂಜೆ ಒಂದು ಲಾರಿ.
ಹಂಪಮ್ಮ ಮೊಣಕೈತನಕ ಕೈ ಹಾಕಿ, ತೆಗೆದು, ಎಳೆದಳು.
'ಮ್ಯಾಲ ಚಲೋದು ಹಾಕ್ಯಾರ. ಒಳಗ ಹಳೇದು ತುರುಕ್ಯಾರ.
ಇದರಾಗ ನೂಲು ನಿಲ್ಲಂಗಿಲ್ಲ.'
ಅವಳು ಹತ್ತಿಯ ಮಾತಾಡಿದ್ದು.
ನಾನು ಕೆಂಪು ರಟ್ಟನ್ನು ಹಾಜರಿ ಪುಸ್ತಕದ ಕೆಳಗೆ ಸರಿಸಿದೆ.
ಲಾರಿಯವನು, ಚೀಟಿ ಬರಲಿ ಅಂತ,
ಟೈರಿಗೆ ಒರಗಿ ಕೂತ.